ಎರಡನೇ ಟೇಬಲ್

ಬಸ್ಸು ದೇವನಹಳ್ಳಿ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಕೆಡದಿದ್ದರೆ, ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿ, ನನ್ನ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿ ಜಾರಿ, ಅದರೊಳಗೆ ಹತ್ತಿಯಲ್ಲಿ ಮಲಗಿಸಿದ್ದ ನಾಲ್ಕು ಗಾಜಿನ ಸ್ಲೈಡುಗಳು ಚೂರಾಗಬಹುದಿತ್ತು. ಚೂರಾಗದಿದ್ದರೆ, ಬೆಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಬೇರೆಯವರ ಸ್ಲೈಡಿನೊಂದಿಗೆ ಅದಲುಬದಲಾಗಿ, ಗುರುತು ಪರಿಚಯವಿಲ್ಲದ ಯಾರದೋ ಕಾಯಿಲೆ ನನ್ನ ಹೆಂಡತಿಯ ಹೆಸರಿಗೆ ಬೀಳಬಹುದಿತ್ತು. ಎರಡನೇ ಡಾಕ್ಟರು ಮೊದಲನೇ ಡಾಕ್ಟರ ಶಿಷ್ಯರಾಗಿದ್ದು, ಗುರುಗಳ ಮಾತಿಗೆ ಎದುರಾಡದೆ ಸಹಿ ಹಾಕಬಹುದಿತ್ತು. ಶಿಷ್ಯರಲ್ಲದೆ ವೈರಿಯಾಗಿದ್ದು, ಹಟಕ್ಕೆ ಬಿದ್ದು ಬೇರೆಯೇ ಬರೆಯಬಹುದಿತ್ತು. ನಾವು ಹೀಗೆ ಸುತ್ತುವಷ್ಟರಲ್ಲಿ ಅವಳ ಕಿವಿಯ ಕೆಳಗಿನ ಗಂಟು ಬೆಳೆದು, ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂಬ ಮಾತು ಕೇಳಬೇಕಾಗಬಹುದಿತ್ತು. ಆಪರೇಷನ್ನಿನಲ್ಲಿ ಕತ್ತರಿ ಒಂದು ಕೂದಲೆಳೆ ಅತ್ತಿತ್ತಾಗಿ ಅವಳ ಮುಖದ ಬಲಭಾಗ ಜೋತುಬೀಳಬಹುದಿತ್ತು. ಬಲಗಣ್ಣು ಮುಚ್ಚದಂತಾಗಿ, ನಿದ್ದೆಯಲ್ಲೂ ಅವಳು ನನ್ನನ್ನು ಒಂದು ಕಣ್ಣಿನಿಂದ ನೋಡುತ್ತಿರಬಹುದಿತ್ತು. ಮತ್ತು ಅವಳು ಮನೆಗೆ ವಾಪಸ್ ಬಾರದೇ ಇರಬಹುದಿತ್ತು. ಇದನ್ನು ಪಟ್ಟಿಯ ಕೊನೆಯಲ್ಲಿ ಬರೆದಿದ್ದೆ, ಅದೊಂದನ್ನು ಮಾತ್ರ ಪೆನ್ಸಿಲ್ಲಿನಲ್ಲಿ.

ಪಟ್ಟಿ ಎಂದರೆ ನಿಜವಾಗಿಯೂ ಪಟ್ಟಿಯೇ. ಆಫೀಸಿನ ಹಳೇ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಬೀಗ ಹಾಕಿ ಹೊರಟವನು ಬಸ್‌ಸ್ಟ್ಯಾಂಡಿನಿಂದ ಹಿಂದಿರುಗಿ ಬೀಗ ಜಗ್ಗಿ ನೋಡುವ ಜಾತಿಯವನು ನಾನು. ಹೆಂಡತಿ ಇದನ್ನು ರೋಗ ಎನ್ನುತ್ತಿದ್ದಳು. ಆದರೆ ಸರ್ಕಾರ ನನಗೆ ಸಂಬಳ ಕೊಡುತ್ತಿದ್ದುದೇ ಅನುಮಾನಪಡುವುದಕ್ಕೆ.

ಆಗ ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಕೋಠಿಯೊಂದರಲ್ಲಿ ಕೆಲಸಕ್ಕಿದ್ದೆ. ನಮ್ಮದು ಹೊಸ ಜಿಲ್ಲೆಯಾಗಿ ಸ್ವಲ್ಪ ದಿನವಾಗಿತ್ತಷ್ಟೆ. ಆಫೀಸಿನ ಬೋರ್ಡಿನಲ್ಲಿ ಇನ್ನೂ ಕೋಲಾರ ಜಿಲ್ಲೆ ಎಂದೇ ಇತ್ತು. ಗೂಡಿನಿಂದ ಹೊರಬಂದ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ತಾಯಿ ಚಿಟ್ಟೆಯನ್ನು ಪುಟ್ಟ ಕಲ್ಬತ್ತಿನಲ್ಲಿ ದ್ರಾವಣದ ಜೊತೆ ಅರೆದು, ಒಂದು ಹನಿಯನ್ನು ಸ್ಲೈಡಿಗೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ತಾಯಿಗೆ ಪೆಬ್ರಿನ್ ಎಂಬ ರೋಗವಿದ್ದರೆ ಮೊಟ್ಟೆಗೂ ಬರುತ್ತದೆ, ಮೊಟ್ಟೆಯಿಂದ ರೈತನ ಮನೆಯ ಅಷ್ಟೂ ಹುಳುವಿಗೆ. ರೋಗದ ಕಣಗಳು ಅಕ್ಕಿಕಾಳಿನ ಆಕಾರದಲ್ಲಿ, ತುಸು ನೀಲಿ ಹಸಿರಾಗಿ ಮಿನುಗುತ್ತವೆ. ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಡಬೇಕು.

ಆದರೆ ಒಬ್ಬ ಕಂಡ ಮಾತ್ರಕ್ಕೆ ಸುಡುವಂತಿಲ್ಲ. ನಮ್ಮ ಕೋಠಿಯಲ್ಲಿ ಒಂದು ಪದ್ಧತಿಯಿತ್ತು. ಮೊದಲನೇ ಟೇಬಲ್ಲಿನವನಿಗೆ ಅನುಮಾನ ಬಂದರೆ ಸ್ಲೈಡನ್ನು ಎರಡನೇ ಟೇಬಲ್ಲಿಗೆ ಕೊಡಬೇಕು, ಏನು ಕಂಡೆ ಎಂದು ಬಾಯಿ ಬಿಡಬಾರದು. ಹೇಳಿದರೆ ಅವನಿಗೂ ಅದೇ ಕಾಣುತ್ತದೆ. ಮನುಷ್ಯನ ಕಣ್ಣೇ ಹಾಗೆ, ಕಿವಿಯ ಮಾತು ಕೇಳುತ್ತದೆ. ಎರಡನೇ ಟೇಬಲ್ಲಿನಲ್ಲಿ ನನಗಿಂತ ಐದಾರು ವರ್ಷ ಹಿರಿಯರಾದ ಸಾಹೇಬರೊಬ್ಬರು ಕೂರುತ್ತಿದ್ದರು. ಅವರ ಮನೆತನವೇ ರೇಷ್ಮೆಯದು. ನಾನು ಸ್ಲೈಡು ಇಟ್ಟಾಗ ಅವರು ನನ್ನ ಮುಖ ಕೂಡ ನೋಡುತ್ತಿರಲಿಲ್ಲ. ನಿಮ್ಮ ಮುಖದಲ್ಲೇ ರಿಪೋರ್ಟ್ ಬರೆದಿರುತ್ತದೆ ಎನ್ನುತ್ತಿದ್ದರು.

ಆ ವರ್ಷ ಆಷಾಢದಲ್ಲಿ ಹೆಂಡತಿಯನ್ನು ಚಿಕ್ಕಬಳ್ಳಾಪುರದ ಸರ್ಜನ್ ಬಳಿ ಕರೆದೊಯ್ದೆ. ಅವಳ ಬಲಗಿವಿಯ ಕೆಳಗೆ, ಮಕ್ಕಳಿಗೆ ಮಂಗನಬಾವು ಬಂದರೆ ಊದಿಕೊಳ್ಳುವ ಜಾಗದಲ್ಲಿ, ಅಡಿಕೆ ಗಾತ್ರದ ಗಂಟೊಂದಿತ್ತು. ಸರ್ಜನ್ ವಯಸ್ಸಾದವರು, ನಮ್ಮಪ್ಪನ ಹರ್ನಿಯಾ ಆಪರೇಷನ್ ಮಾಡಿದವರು. ಕೈಯಿಂದ ಒತ್ತಿ ನೋಡಿ, ಎಷ್ಟು ದಿನದಿಂದ ಇದೆಯಮ್ಮ ಎಂದು ಅವಳನ್ನು ಕೇಳಿದರು. "ಆರು ತಿಂಗಳು ಸಾರ್" ಎಂದು ನಾನು ಹೇಳಿದೆ. ಸಂಕ್ರಾಂತಿಯ ದಿನ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಕಣ್ಣಿಗೆ ಬಿದ್ದಿತ್ತು. ನೋವಿಲ್ಲ ಬಿಡಿ ಎಂದು ಅವಳು ಡಾಕ್ಟರ ಬಳಿ ಹೋಗುವುದನ್ನು ಮುಂದೂಡುತ್ತಾ ಬಂದರೂ, ಅವತ್ತಿನಿಂದ ದಿನ ಬಿಟ್ಟು ದಿನ ಗಮನಿಸುತ್ತಿದ್ದೆ, ಹಾಗಾಗಿ ಲೆಕ್ಕ ಪಕ್ಕಾ ಇತ್ತು.

ಅವರು ಸೂಜಿ ಹಾಕಿ ಗಂಟಿನೊಳಗಿನ ಜೀವಕೋಶಗಳನ್ನು ಎಳೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ವರದಿ ಬಂತು. ಕ್ಯಾನ್ಸರ್, ಬಹುಶಃ ಬೇಗ ಹರಡುವ ಜಾತಿಯದು. ಡಾಕ್ಟರು ಒಂದು ಹಾಳೆಯ ಮೇಲೆ ಕಿವಿ ಬರೆದು, ಅದರ ಕೆಳಗೆ ಎಂಜಲು ಗ್ರಂಥಿ ಬರೆದು, ಗ್ರಂಥಿಯ ನಡುವೆ ಕೈಬೆರಳಿನಂತೆ ಐದು ಗೆರೆ ಎಳೆದರು. ಅದು ಮುಖದ ನರ. ಕಣ್ಣು ಮುಚ್ಚುವುದು, ಹುಬ್ಬು ಏರಿಸುವುದು, ನಗುವುದು ಎಲ್ಲ ಅದರಿಂದಲೇ. ಆರೇ ತಿಂಗಳಲ್ಲಿ ಇಷ್ಟು ಬೆಳೆದಿದೆ ಎಂದರೆ ಗ್ರಂಥಿಯ ಜೊತೆ ನರವನ್ನೂ ತೆಗೆಯಬೇಕಾಗುತ್ತದೆ ಎಂದರು.

"ನರ ಉಳಿಸೋಕೆ ಹೋಗಿ ರೋಗ ಉಳಿಸ್ಬಾರ್ದು ಕಣಮ್ಮ" ಎಂದು ಅವಳಿಗೆ ಹೇಳಿದರು. ಸೋಮವಾರ ಅಡ್ಮಿಟ್ ಆಗಿ ಎಂದು ಚೀಟಿ ಕೊಟ್ಟರು.

ಅವಳು ಚಿಂತಾಮಣಿ ರಸ್ತೆಯ ಒಂದು ಹಳ್ಳಿಯಲ್ಲಿ ಒಂದನೇ ತರಗತಿಯ ಮೇಡಂ. ಆ ಕಡೆಯ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾ ಬೆಳೆದು, ಶಾಲೆಗೆ ಬಂದ ಮೇಲೆ ಕನ್ನಡಕ್ಕೆ ಬಾಯಿ ತಿರುಗಿಸಿಕೊಳ್ಳುತ್ತಾರೆ. ಅವಳು ಕಲಿಸುವ ಕ್ರಮವೇ ನನ್ನ ಬಾಯಿ ನೋಡಿ ಹೇಳಿ ಎನ್ನುವುದು. ಅ ಎಂದರೆ ಇಷ್ಟು ತೆರೆಯಬೇಕು, ಉ ಎಂದರೆ ಹೀಗೆ ಮೂತಿ ಮಾಡಬೇಕು. ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾ, ಸದ್ದಿಲ್ಲದೆ ಅ ಆ ಇ ಈ ಮಾಡುತ್ತಿದ್ದಳು. ನಾನು ನೋಡದವನಂತೆ ಕೂತಿದ್ದೆ.

ಶನಿವಾರ ಸಂಜೆ ನಾನು ಆಸ್ಪತ್ರೆಗೆ ಒಯ್ಯುವ ಸಾಮಾನನ್ನು ಮೂರನೇ ಸಲ ಜೋಡಿಸುತ್ತಿದ್ದೆ. ಫ್ಲಾಸ್ಕು, ಟವೆಲ್ಲು, ಎರಡು ಟಾರ್ಚು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದವಳು ತಲೆಯೆತ್ತದೆ ಕೇಳಿದಳು.

"ರೀ, ಒಂದು ಚಿಟ್ಟೆ ಮೊಟ್ಟೆ ಸುಡೋಕ್ ಮುಂಚೆ ಇಬ್ರು ನೋಡ್ತೀರ. ನಂಗೆ ಒಬ್ರು ನೋಡಿದ್ರೆ ಸಾಕಾ?"

ನಾನು ಟಾರ್ಚ್ ಹಿಡಿದುಕೊಂಡೇ ನಿಂತೆ. ಎಲ್ಲಕ್ಕೂ ಪಟ್ಟಿ ಮಾಡುವವನಿಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎನ್ನುವುದೂ ಪೂರ್ತಿ ಸತ್ಯವಲ್ಲ, ಡಾಕ್ಟರ ಮುಂದೆ ಬಾಯಿ ತೆಗೆಯಲು ನನಗೆ ಭಯವಿತ್ತು. ಸ್ಲೈಡು ವಾಪಸ್ ಕೊಡಿ ಎಂದು ಕೇಳುವುದು, ಹೆಣ್ಣು ನೋಡಿ ಕಾಫಿ ಕುಡಿದು ಜಾತಕ ವಾಪಸ್ ಕೇಳಿದ ಹಾಗಲ್ಲವೇ? ಅವರು ಬೇಸರ ಮಾಡಿಕೊಂಡರೆ? ನಾಳೆ ಮತ್ತೆ ಅವರ ಬಳಿಯೇ ಹೋಗಬೇಕಾದರೆ? ಅವರ ಕೈ ಬೇಸರದಲ್ಲಿ ನಡುಗಿದರೆ? ಇದನ್ನೆಲ್ಲ ನಾನು ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ.

"ಊರ್ಕೋಂಡಿ" ಎಂದಳು. ಸುಮ್ಮನಿರಿ ಎಂದು. ನಮ್ಮ ಮನೆಯಲ್ಲಿ ಮಾತು ಮುಗಿಯಿತು ಎನ್ನುವಾಗ ತೆಲುಗು ಬರುತ್ತದೆ. ಆಮೇಲೆ ಕನ್ನಡದಲ್ಲಿ, "ನೀವು ಕೇಳ್ದಿದ್ರೆ ನಾನೇ ಕೇಳ್ತೀನಿ. ಆದ್ರೆ ಒಂದೇ ಸಲ. ಮೂರು, ನಾಲ್ಕು ಅಂತ ಊರೆಲ್ಲಾ ಸುತ್ತಿಸ್ಬೇಡಿ. ಇಬ್ರೂ ಒಂದೇ ಹೇಳಿದ್ರೆ ಅವತ್ತೇ ಹೋಗಿ ಮಲಗ್ತೀನಿ."

ಸೋಮವಾರ ಡಾಕ್ಟರ ಮುಂದೆ ನಿಂತಾಗ, ದಾರಿಯುದ್ದಕ್ಕೂ ಉರುಹಚ್ಚಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಮ್ಮ ಕೋಠಿಯಲ್ಲಿ ಎರಡು ಟೇಬಲ್ ಇರ್ತಾವೆ ಸಾರ್ ಎಂದು ಶುರು ಮಾಡಿ, ಚಿಟ್ಟೆ ಅರೆಯುವ ತನಕ ಹೋದೆ. ಅವರು ತಾಳ್ಮೆಯಿಂದ ಕೇಳಿದರು. ಎರಡನೇ ಒಪಿನಿಯನ್ ಬೇಕು ಅಂತ ತಾನೇ, ಅದಕ್ಕೆ ಚಿಟ್ಟೆ ಯಾಕ್ರೀ ಸಾಯಿಸ್ತೀರ ಎಂದು ನಕ್ಕುಬಿಟ್ಟರು. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟು, ಲ್ಯಾಬಿನಿಂದ ಸ್ಲೈಡುಗಳನ್ನೂ ತರಿಸಿಕೊಟ್ಟರು. ಬಾಗಿಲ ಬಳಿ ಹೋದವನನ್ನು ಮತ್ತೆ ಕರೆದರು. ಆಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಹತ್ತು ದಿನ. ಅದಕ್ಕಿಂತ ಜಾಸ್ತಿ ಕಾಯೋದು ನಾನು ಒಪ್ಪಲ್ಲ. ಹತ್ತನೇ ದಿನ ಏನಾಯ್ತು ಅಂತ ಬಂದು ಹೇಳ್ಬೇಕು."

ಅವತ್ತು ಮಧ್ಯಾಹ್ನ ನಾನು ಮಾಡಿದ ಕೆಲಸವನ್ನು ನನ್ನ ಮಟ್ಟದ ಮೂರ್ಖನೇ ಮಾಡಲು ಸಾಧ್ಯ. ಊಟದ ಬಿಡುವಿನಲ್ಲಿ ಕೋಠಿಗೆ ಹೋಗಿ, ಆ ಸ್ಲೈಡುಗಳಲ್ಲಿ ಒಂದನ್ನು ನನ್ನ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಹದಿನೆಂಟು ವರ್ಷ ಅದೇ ಮಸೂರಕ್ಕೆ ಕಣ್ಣಿಟ್ಟವನು, ಏನಾದರೂ ತಿಳಿದೀತು ಎಂಬ ಆಸೆ. ಕಂಡದ್ದು ನೇರಳೆ ಹಣ್ಣು ಹಿಸುಕಿದ ಬಟ್ಟೆಯಂತೆ ಅಲ್ಲಲ್ಲಿ ಕಲೆ. ಒಂದೆಡೆ ಗುಂಪು, ಒಂದೆಡೆ ಖಾಲಿ. ಅದರಲ್ಲಿ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು, ದೇವರಾಣೆ ತಿಳಿಯಲಿಲ್ಲ. ನನ್ನ ಹೆಂಡತಿಯನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ, ಇಷ್ಟು ಅಪರಿಚಿತಳಾಗಿಯೂ ಕಂಡಿರಲಿಲ್ಲ.

ಅಭ್ಯಾಸಬಲ. ಸ್ಲೈಡನ್ನು ಎರಡನೇ ಟೇಬಲ್ಲಿಗೆ ಒಯ್ದೆ. ಸಾಹೇಬರು ಎಂದಿನಂತೆ ನನ್ನ ಮುಖ ನೋಡದೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು, ಮೂಲೆ ಮೂಲೆ ತಿರುಗಿಸಿ ನೋಡಿದರು. ಇದು ಚಿಟ್ಟೆಯದಲ್ಲ ಎಂದು ಅವರಿಗೆ ಮೊದಲ ಕ್ಷಣಕ್ಕೇ ಗೊತ್ತಾಗಿರಬೇಕು.

"ಪೆಬ್ರಿನ್ ಇಲ್ಲ" ಎಂದರು ಕೊನೆಗೆ. "ಅಷ್ಟು ಮಾತ್ರ ನಾನು ಹೇಳಬಲ್ಲೆ ಭಾಯಿ. ಬಾಕಿದು ಓದ್ದೋರು ಹೇಳ್ಲಿ." ಸ್ಲೈಡನ್ನು ತಮ್ಮ ಕರವಸ್ತ್ರದಿಂದ ಅಂಚು ಹಿಡಿದು ಒರೆಸಿ, ಹತ್ತಿ ಸುತ್ತಿ, ತಮ್ಮದೇ ಊಟದ ಡಬ್ಬಿ ತೊಳೆದು ಉಳಿದ ಮೂರರ ಜೊತೆ ಅದರಲ್ಲಿಟ್ಟು ಕೊಟ್ಟರು. ಶುರುವಿನಲ್ಲಿ ಹೇಳಿದ ಸ್ಟೀಲ್ ಡಬ್ಬಿ ಅದೇ.

ಮರುದಿನ ನಾವಿಬ್ಬರೂ ಬೆಂಗಳೂರಿಗೆ ಹೋದೆವು. ಬಸ್ಸು ಕೆಡಲಿಲ್ಲ, ಡಬ್ಬಿ ಜಾರಲಿಲ್ಲ. ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ಹೆಸರು, ವಯಸ್ಸು ಬರೆದೆ. ಎಷ್ಟು ಕಾಲದಿಂದ ಇದೆ, ಹಿಂದಿನ ವರದಿ ಇದೆಯೇ ಎಂಬ ಸಾಲುಗಳಿದ್ದವು. ಹಿಂದಿನ ವರದಿಯೂ ಚಿಕ್ಕಬಳ್ಳಾಪುರದ ಚೀಟಿಯೂ ನನ್ನ ಚೀಲದಲ್ಲೇ ಇದ್ದವು. ಆದರೆ ಎರಡನೇ ಟೇಬಲ್ಲಿಗೆ ಹೇಳಬಾರದು! ಹೇಳಿದರೆ ಅವರಿಗೂ ಅದೇ ಕಾಣುತ್ತದೆ. ಹದಿನೆಂಟು ವರ್ಷದ ಶಿಸ್ತು ಕೈ ಹಿಡಿದು ಬರೆಸಿತು. ಹಿಂದಿನ ವರದಿ: ಇಲ್ಲ. ಉಳಿದ ಸಾಲುಗಳಿಗೆ ಅಡ್ಡಗೆರೆ. ಹೆಂಡತಿ ಆಚೆ ಬೆಂಚಿನ ಮೇಲೆ ಕೂತಿದ್ದಳು, ಅವಳಿಗೆ ಹೇಳಲಿಲ್ಲ. ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂಬ ಹೆಮ್ಮೆಯಲ್ಲಿ ಅವಳಿಗೆ ಮಸಾಲೆದೋಸೆ ಕೊಡಿಸಿದೆ.

ನಾಲ್ಕು ದಿನ ಬಿಟ್ಟು ಬರಲು ಹೇಳಿದ್ದರು. ಹೋದೆವು. ವರದಿಯಲ್ಲಿ ಇದ್ದದ್ದು ಇಷ್ಟೇ: ಸ್ಲೈಡಿನಲ್ಲಿ ಜೀವಕೋಶಗಳು ಕಡಿಮೆ ಇವೆ, ಕ್ಯಾನ್ಸರಿನ ಅನುಮಾನವಿದೆ, ಯಾವ ಜಾತಿಯೆಂದು ಹೇಳಲಾಗದು, ರೋಗಿಯ ಹಿನ್ನೆಲೆ ಒದಗಿಸಿ. ಹತ್ತು ದಿನದಲ್ಲಿ ಅರ್ಧ ಮುಗಿದಿತ್ತು, ಕೈಯಲ್ಲಿದ್ದದ್ದು ಏನೂ ಹೇಳದ ಒಂದು ಹಾಳೆ. ಕೌಂಟರಿನವರು, ಪರೀಕ್ಷೆ ಮಾಡಿದ ಡಾಕ್ಟರು ನಿಮ್ಮನ್ನು ನೋಡಬೇಕಂತೆ, ಒಳಗೆ ಹೋಗಿ ಎಂದರು.

ಒಳಗಿದ್ದ ಲೇಡಿ ಡಾಕ್ಟರು ನನಗಿಂತ ಚಿಕ್ಕವರು. ಅವರ ಮೇಜಿನ ಮೇಲೂ ಸೂಕ್ಷ್ಮದರ್ಶಕ, ಪಕ್ಕದಲ್ಲಿ ಅರ್ಧ ಕುಡಿದ ಟೀ. ನಮ್ಮ ಕೋಠಿಯೇ ನೆನಪಾಗಿ ಸ್ವಲ್ಪ ಧೈರ್ಯ ಬಂತು. ಅದು ಬಹಳ ಹೊತ್ತು ಉಳಿಯಲಿಲ್ಲ.

"ಮೊದಲು ಸೂಜಿ ಹಾಕಿದ ಆಸ್ಪತ್ರೆಯವರು ರಿಪೋರ್ಟ್ ಕೊಡ್ಲಿಲ್ವಾ?"

ಹೆಂಡತಿ, "ಕೊಟ್ಟಿದ್ದಾರಲ್ಲ ಡಾಕ್ಟ್ರೆ, ಇವರ ಬ್ಯಾಗಲ್ಲೇ ಇದೆ" ಎಂದು ನನ್ನ ಕಡೆ ತಿರುಗಿದಳು. ನಾನು ಚೀಲದ ಜಿಪ್ಪನ್ನು ನೋಡುತ್ತಾ ಎಲ್ಲವನ್ನೂ ಹೇಳಿದೆ. ಮೊದಲನೇ ಟೇಬಲ್, ಎರಡನೇ ಟೇಬಲ್, ಬಾಯಿ ಬಿಡಬಾರದು ಎಂಬ ಪದ್ಧತಿ. ಡಾಕ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮ ಪದ್ಧತಿ ತಪ್ಪಲ್ಲ" ಎಂದರು. "ಆದ್ರೆ ನಿಮ್ಮ ಚಿಟ್ಟೆ ಸತ್ತಿರುತ್ತೆ. ಅದನ್ನ ಏನೂ ಕೇಳೋ ಹಾಗಿಲ್ಲ. ಇವರು ಬದುಕಿದ್ದಾರೆ. ಎಷ್ಟು ದಿನದಿಂದ ಇದೆ, ಹೇಗೆ ಬೆಳೀತು ಅಂತ ಇವರನ್ನ ಕೇಳಬಹುದು. ನಮಗೆ ಅದು ಅರ್ಧ ಪರೀಕ್ಷೆ." ನಾನು ಚೀಲದಿಂದ ತೆಗೆದುಕೊಟ್ಟ ಹಳೇ ವರದಿ ಓದಿ ಮುಗಿಸಿ, "ಇದರಲ್ಲಿ ಆರು ತಿಂಗಳು ಅಂತಿದೆ" ಎಂದರು.

"ಹೌದು ಮೇಡಂ. ಸಂಕ್ರಾಂತಿಯಿಂದ" ಎಂದೆ ನಾನು.

"ನಾನು ಅವರನ್ನ ಕೇಳ್ದೆ."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಮೂರು ವರ್ಷ ಆಯ್ತು ಡಾಕ್ಟ್ರೆ. ಮೊದಲು ಕಡಲೇಬೇಳೆ ಅಷ್ಟಿತ್ತು. ಜಡೆ ಹಾಕೊಳ್ಳುವಾಗ ಕೈಗೆ ಸಿಗ್ತಿತ್ತು. ನಿಧಾನಕ್ಕೆ ದಪ್ಪ ಆಯ್ತು. ನೋವಿರ್ಲಿಲ್ಲ, ಹಾಗಾಗಿ ಬಿಟ್ಟೆ."

ಮೂರು ವರ್ಷ. ಒಂದೇ ಮನೆ, ಒಂದೇ ಕನ್ನಡಿ. ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ಎದ್ದು ನೋಡುವ ನಾನು, ಪಕ್ಕದಲ್ಲಿ ಮಲಗಿದ್ದವಳ ಕಿವಿಯ ಕೆಳಗೆ ಎರಡೂವರೆ ವರ್ಷ ನೋಡಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ, ಡಾಕ್ಟರೇ ಕೇಳಿದರು.

"ಇವರಿಗೆ ಹೇಳಿದ್ರೆ, ಇವರನ್ನ ನೋಡ್ಕೊಳ್ಳೋ ಕೆಲಸ ಬೇರೆ ಸೇರ್ಕೊಳ್ತಿತ್ತು" ಎಂದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಅವತ್ತು ಚಿಕ್ಕಬಳ್ಳಾಪುರದಲ್ಲಿ ಯಾಕೆ ತಿದ್ದಲಿಲ್ಲ ಎಂದರೆ, ಇವರು ಅಷ್ಟು ಗ್ಯಾರಂಟಿಯಾಗಿ ಹೇಳಿಬಿಟ್ಟರಲ್ಲ, ದೊಡ್ಡ ಡಾಕ್ಟರ ಮುಂದೆ ಗಂಡನ ಮಾತು ತೆಗೆದುಹಾಕುವುದು ಹೇಗೆ ಎನ್ನಿಸಿತಂತೆ.

ಆಗ ನನಗೆ ಎಲ್ಲವೂ ಸಾಲಾಗಿ ಕಂಡಿತು. ಚಿಕ್ಕಬಳ್ಳಾಪುರದ ಡಾಕ್ಟರು ತಪ್ಪು ಮಾಡಿರಲಿಲ್ಲ. ಆರು ತಿಂಗಳಲ್ಲಿ ಅಡಿಕೆಯಷ್ಟಾದ ಗಂಟಿಗೆ ಏನು ಮಾಡಬೇಕೋ ಅದನ್ನೇ ಹೇಳಿದ್ದರು. ಆ ಆರು ತಿಂಗಳನ್ನು ಅವರಿಗೆ ಕೊಟ್ಟವನು ನಾನು. ಎರಡನೆಯವರ ಬಳಿ ಬಂದು ಅದನ್ನೂ ಬಚ್ಚಿಟ್ಟವನು ನಾನು. ಅವಳ ಮುಖದ ನರವನ್ನು ಕತ್ತರಿಸಲು ಹೊರಟಿದ್ದು ಯಾವ ಡಾಕ್ಟರೂ ಅಲ್ಲ, ನನ್ನ ಪಕ್ಕಾ ಲೆಕ್ಕ.

ಲೇಡಿ ಡಾಕ್ಟರು ಹಳೆಯ ಸ್ಲೈಡುಗಳನ್ನು ಬದಿಗಿಟ್ಟು, ಅವತ್ತೇ ಹೊಸದಾಗಿ ಸೂಜಿ ಹಾಕೋಣ ಎಂದರು. ಈ ಸಲ ಸ್ಕ್ಯಾನಿನ ಪರದೆ ನೋಡಿಕೊಂಡು, ಗಂಟಿನ ಸರಿಯಾದ ಜಾಗಕ್ಕೇ ಹಾಕಿದರು. ಎರಡು ಕಡೆಯಿಂದ ತೆಗೆದರು. ನಾನು ಹೊರಗೆ ಕೂತೆ. ಮನೆಗೆ ಬರುವ ಬಸ್ಸು ದೇವನಹಳ್ಳಿ ದಾಟಿ ವಿಜಯಪುರದ ಹತ್ತಿರ ಬಂದಾಗ ಅವಳು, "ನೀವೊಂದು ಮುಚ್ಚಿಟ್ರಿ, ನಾನೊಂದು ಮುಚ್ಚಿಟ್ಟೆ. ಲೆಕ್ಕ ಸರಿಹೋಯ್ತು ಬಿಡಿ" ಎಂದಳು. ಸರಿಹೋಗಿರಲಿಲ್ಲ. ಆದರೂ ಅವಳು ಹಾಗೆಂದದ್ದು ನನಗೆ ಉಪಕಾರವಾಯಿತು.

ಎಂಟನೇ ದಿನ ಮತ್ತೆ ಹೋದೆವು. ವರದಿ ಸ್ಪಷ್ಟವಾಗಿತ್ತು. ಕ್ಯಾನ್ಸರ್ ಎಂಬುದರಲ್ಲಿ ಸಂಶಯವಿಲ್ಲ. ನನ್ನೊಳಗೆ ಎಲ್ಲೋ, ಇದೆಲ್ಲ ಸುಳ್ಳು ಎನ್ನುತ್ತಾರೆ ಎಂಬ ಆಸೆ ಕೂತಿತ್ತೆಂದು ಆಗಲೇ ನನಗೆ ತಿಳಿದದ್ದು. ಆದರೆ ನಿಧಾನಕ್ಕೆ ಬೆಳೆಯುವ ಜಾತಿಯದು, ಸಾಮಾನ್ಯವಾಗಿ ಇದ್ದ ಜಾಗದಲ್ಲೇ ಇರುವಂಥದ್ದು. ಲೇಡಿ ಡಾಕ್ಟರು ನಮ್ಮನ್ನು ಅದೇ ಆಸ್ಪತ್ರೆಯ ಸರ್ಜನ್ ಬಳಿ ಕಳಿಸಿದರು. ಅವರು ವರದಿ ಓದಿ, ಸ್ಕ್ಯಾನ್ ನೋಡಿ, ಕೊನೆಗೆ ಅವಳ ಮುಖದತ್ತ ಬಂದರು.

ಹುಬ್ಬು ಮೇಲೆತ್ತಿ ಎಂದರು. ಎತ್ತಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿ ಎಂದು, ರೆಪ್ಪೆ ಬಿಡಿಸಲು ನೋಡಿದರು, ಬಿಡಿಸಲಾಗಲಿಲ್ಲ. ಹಲ್ಲು ತೋರಿಸಿ, ಕೆನ್ನೆ ಊದಿಸಿ. ಎಲ್ಲ ಮಾಡಿದಳು.

"ಈಗ ಒಂದು ಶಿಳ್ಳೆ ಹಾಕಿ."

ಅವಳು ನನ್ನನ್ನು ನೋಡಿದಳು. ನಾನು ಡಾಕ್ಟರನ್ನು ನೋಡಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಶಿಳ್ಳೆ ಹಾಕುವುದಿಲ್ಲ, ಅದರಲ್ಲೂ ಒಂದನೇ ತರಗತಿಯ ಮೇಡಂ. ಡಾಕ್ಟರಿಗೆ ನಮ್ಮ ಸಂಕಟ ಹೊಸದಲ್ಲವೆಂದು ಕಾಣುತ್ತದೆ, ಬರದಿದ್ದರೂ ಪರವಾಗಿಲ್ಲ, ತುಟಿ ಗುಂಡಗೆ ಮಾಡಿ ಊದಿ ಸಾಕು ಎಂದರು.

ಅವಳು ತುಟಿಯನ್ನು ಉ ಅಕ್ಷರಕ್ಕೆ ತಂದಳು. ಬಂದದ್ದು ಊದಿದ ಗಾಳಿಯಲ್ಲ. ಉದ್ದನೆಯ, ಕೊನೆಯಲ್ಲಿ ಮೇಲಕ್ಕೆ ತಿರುಗುವ, ಗದ್ದೆಯಾಚೆಗೂ ಕೇಳಿಸುವಂಥ ಶಿಳ್ಳೆ. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬರು ಬಾಗಿಲಿನಿಂದ ಇಣುಕಿದರು.

ಡಾಕ್ಟರಿಗಿಂತ ನಾನು ಹೆಚ್ಚು ಬೆಚ್ಚಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದು ನನಗೆ ಗೊತ್ತಿರದ ಎರಡನೇ ಸಂಗತಿ, ಒಂದೇ ವಾರದಲ್ಲಿ.

"ಕೆಂಚಾರ್ಲಹಳ್ಳೀಲಿ ನಮ್ಮ ತಾತನ ಹೊಲಕ್ಕೆ ಗಿಣಿ ಬರ್ತಿದ್ವು ಡಾಕ್ಟ್ರೆ. ಓಡಿಸೋಕೆ ಕಲ್ತಿದ್ದೆ. ಅಜ್ಜಿ ಬೈದ್ರು, ಬಿಟ್ಬಿಟ್ಟೆ."

"ಆ ನರ ಚೆನ್ನಾಗಿದೆ" ಎಂದರು ಸರ್ಜನ್, ಬರೆದುಕೊಳ್ಳುತ್ತಾ. "ಇಷ್ಟು ಚೆನ್ನಾಗಿ ಕೆಲಸ ಮಾಡ್ತಿರೋದನ್ನ ನಾನಾಗಿ ಕತ್ತರಿಸಲ್ಲ. ಗಂಟನ್ನ ಅದರ ಮೇಲಿಂದ ಬಿಡಿಸ್ಕೊಂಡು ಬರ್ತೀನಿ. ಒಳಗೆ ಹೋದಾಗ ಗಂಟು ನರಾನ ತಬ್ಕೊಂಡಿದ್ರೆ ಮಾತ್ರ ಬೇರೆ ಮಾತು. ಅದನ್ನ ಈಗ್ಲೇ ಹೇಳಿರ್ತೀನಿ." ಆಮೇಲೆ ಆಪರೇಷನ್ನಿನಿಂದ ಏನೇನು ಆಗಬಹುದು ಎಂದು ಒಂದೊಂದಾಗಿ ಹೇಳುತ್ತಾ ಹೋದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ರಕ್ತ, ಸೋಂಕು, ಬಾಯಿಯ ಅಂಚು ಕೆಲವು ತಿಂಗಳು ಸಡಿಲವಾಗುವುದು, ರೋಗ ಮತ್ತೆ ಬರುವುದು. ಒಂದೊಂದರ ಕೆಳಗೂ ಎರಡು ಗೆರೆ ಎಳೆಯುತ್ತಿದ್ದೆ. ಕೊನೆಗೆ ಅವರು ತಮ್ಮ ಕಿವಿಯ ಹಾಲೆಯನ್ನು ಚಿವುಟಿ ತೋರಿಸುತ್ತಾ ಇನ್ನೇನೋ ಹೇಳಿದರು. ಅಷ್ಟು ಹೊತ್ತಿಗೆ ನಾನು, ಮತ್ತೆ ಬರುವುದು ಎಂಬುದರ ಕೆಳಗೆ ಮೂರನೇ ಗೆರೆ ಎಳೆಯುತ್ತಿದ್ದೆ.

ಹತ್ತನೇ ದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ ಹಳೇ ಡಾಕ್ಟರ ಮುಂದೆ ಎಲ್ಲ ಕಾಗದ ಇಟ್ಟೆ. ಮೂರು ವರ್ಷ ಎಂಬುದನ್ನು ಓದುವಾಗ ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. ನಾನೇ ಹೇಳಿದೆ, ತಪ್ಪು ನನ್ನದು ಸಾರ್ ಎಂದು. ಅವರು ಕಾಗದಗಳನ್ನು ಮಡಿಸಿಟ್ಟರು. ನಾನೂ ಆಯಮ್ಮನ ಬಾಯಿಂದಲೇ ಕೇಳಬೇಕಿತ್ತು ಎಂದರು. ಈ ಆಪರೇಷನ್ ಅಲ್ಲಿಯೇ ಆಗಲಿ, ಅವರ ಕೈಗೆ ಇದು ದಿನದ ಕೆಲಸ, ಹೊಲಿಗೆ ಬಿಚ್ಚಿಸಲು ಬೇಕಾದರೆ ಇಲ್ಲಿಗೇ ಬನ್ನಿ ಎಂದರು. ಬೇಸರ ಮಾಡಿಕೊಳ್ಳುತ್ತಾರೆ ಎಂದು ಪಟ್ಟಿಯಲ್ಲಿ ಬರೆದಿದ್ದನ್ನು ಅಲ್ಲೇ ಹೊಡೆದುಹಾಕಿದೆ.

ಶ್ರಾವಣದ ಎರಡನೇ ವಾರ ಆಪರೇಷನ್ ಆಯಿತು. ಮೂರು ಗಂಟೆ ಎಂದಿದ್ದರು, ಐದು ಗಂಟೆ ಹಿಡಿಯಿತು. ಸಾಹೇಬರು ರಜೆ ಹಾಕಿ ಬಂದಿದ್ದರು. ಆ ಹೆಚ್ಚಿನ ಎರಡು ಗಂಟೆಯಲ್ಲಿ ನಾನು ಏನೇನು ಊಹಿಸಿದೆನೆಂದು ಇಲ್ಲಿ ಬರೆಯುವುದಿಲ್ಲ. ಅವರು ಮಾತ್ರ ಏನೂ ಕೇಳದೆ, ನನ್ನ ಮುಖ ನೋಡದೆ, ಪಕ್ಕದಲ್ಲಿ ಕೂತಿದ್ದರು. ನಿಧಾನಕ್ಕೆ ಬಿಡಿಸುತ್ತಿದ್ದಾರೆ ಅಂದರೆ ಕತ್ತರಿಸುತ್ತಿಲ್ಲ ಅಂತ ತಾನೇ ಎಂದು ಒಮ್ಮೆ ಅಂದರು. ನೂಲು ಬಿಚ್ಚುವ ಮನೆತನದವರಿಗೆ ಮಾತ್ರ ಹೊಳೆಯುವ ಮಾತು.

ಮರುದಿನ ಬೆಳಿಗ್ಗೆ ಸರ್ಜನ್ ಬಂದರು. ಅವಳ ತಲೆಗೆ ದಪ್ಪ ಪಟ್ಟಿ ಕಟ್ಟಿತ್ತು, ಮುಖ ಬಾಡಿತ್ತು. ಹುಬ್ಬು, ಕಣ್ಣು, ಹಲ್ಲು ಎಲ್ಲ ಆಯಿತು. ಮೇಡಂ, ಶಿಳ್ಳೆ ಎಂದರು. ಮೊದಲ ಸಲ ಬರೀ ಗಾಳಿ ಬಂತು. ನಾನು ಮಂಚದ ಕಂಬಿ ಹಿಡಿದುಕೊಂಡೆ. ಅವಳು ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದಳು. ಬಂತು. ಸಣ್ಣದು, ಹೊಲದಾಚೆಗೆ ಕೇಳಿಸುವಂಥದ್ದಲ್ಲ, ಆದರೆ ಕೊನೆಯಲ್ಲಿ ಮೇಲಕ್ಕೆ ತಿರುಗಿತು.

ತೆಗೆದ ಗಂಟಿನ ವರದಿ ಹದಿನೈದು ದಿನಕ್ಕೆ ಬಂತು. ಅದೇ ನಿಧಾನದ ಜಾತಿ, ಸುತ್ತ ಅಂಚಿನಲ್ಲಿ ರೋಗ ಉಳಿದಿಲ್ಲ. ಕರೆಂಟ್, ಅಂದರೆ ರೇಡಿಯೇಷನ್, ಕೊಡುವ ಅಗತ್ಯವಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು. ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಹೋದಳು. ಮಕ್ಕಳು ಮತ್ತೆ ಅವಳ ಬಾಯಿ ನೋಡಿ ಉ ಕಲಿತರು.

ಮೊದಲ ತಪಾಸಣೆ ಚೆನ್ನಾಗಿ ಮುಗಿದ ಮೇಲೆ ಒಂದು ಭಾನುವಾರ ಕೈವಾರಕ್ಕೆ ಹೊರಟೆವು. ಅವಳಮ್ಮ ಕೊಟ್ಟಿದ್ದ ಕೆಂಪು ಕಲ್ಲಿನ ಓಲೆಯನ್ನು ಅವಳು ಆಪರೇಷನ್ನಿನ ನಂತರ ಅವತ್ತೇ ಮೊದಲು ಹಾಕಿಕೊಂಡದ್ದು. ಬಸ್ಸು ತುಂಬಿತ್ತು. ನಾನು ಆಸ್ಪತ್ರೆಯ ಫೈಲನ್ನು, ಯಾಕೋ, ದೇವಸ್ಥಾನಕ್ಕೂ ತಂದಿದ್ದೆ. ಚಿಂತಾಮಣಿ ಹತ್ತಿರ ಬಂದಾಗ ಅವಳು ಬಲಗಿವಿಯನ್ನು ಮುಟ್ಟಿಕೊಂಡಳು. ಬೇರೆ ಯಾರದೋ ಕಿವಿ ಮುಟ್ಟಿದವಳಂತೆ ಬೆರಳನ್ನು ನೋಡಿಕೊಂಡಳು.

"ರೀ, ಈ ಕಡೆ ಓಲೆ ಇದ್ಯಾ ನೋಡಿ. ನಂಗೆ ಗೊತ್ತಾಗ್ತಿಲ್ಲ."

ಆಗ ನೆನಪಾಯಿತು, ಸರ್ಜನ್ ಕಿವಿಯ ಹಾಲೆ ಚಿವುಟಿ ಏನು ಹೇಳಿದ್ದರೆಂದು. ಅಲ್ಲಿಗೆ ಹೋಗುವ ಸಣ್ಣ ನರ ಉಳಿಸುವುದು ಕಷ್ಟ, ಹಾಲೆ ಮರಗಟ್ಟಿದ ಹಾಗೆ ಇರುತ್ತದೆ, ಅದೊಂದು ಲೆಕ್ಕಕ್ಕಿಲ್ಲ. ನನ್ನ ಪಟ್ಟಿಯಲ್ಲಿ ಅದಿರಲಿಲ್ಲ. ನೋಡಿದೆ. ಇನ್ನೊಮ್ಮೆ ನೋಡಿದೆ. ಸೀಟಿನ ಕೆಳಗೆ ಬಗ್ಗಿದೆ, ಅವಳ ಸೆರಗು ಕೊಡವಿದೆ, ಫೈಲನ್ನು ಕೂಡ ಬಿಚ್ಚಿ ನೋಡಿದೆ.

"ಇಲ್ಲ" ಎಂದೆ.

ಅವಳು ನನ್ನ ಮಾತಿಗೆ ತಲೆಯಾಡಿಸದೆ, ಹಿಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತಿದ್ದ ಹೆಂಗಸಿನ ಕಡೆ ತಿರುಗಿ, ಕೂದಲು ಸರಿಸಿ ಕಿವಿ ತೋರಿಸಿದಳು.

"ಅಮ್ಮ, ಈ ಕಿವೀಲಿ ಏನಾದ್ರೂ ಕಾಣ್ಸುತ್ತಾ ನೋಡಿ?"

ಆಯಮ್ಮ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಮುಂದೆ ಬಾಗಿ, ಹತ್ತಿರದಿಂದ ನೋಡಿದರು.

"ಬರೀ ಕಿವಿ ಕಣಮ್ಮ" ಎಂದರು.

ಅವಳು ನನ್ನ ಕಡೆ ತಿರುಗಿ, ಬಾಯಿಯ ಎರಡೂ ಅಂಚಿನಿಂದ ನಕ್ಕಳು. ಓಲೆ ಮಾತ್ರ ಸಿಗಲಿಲ್ಲ.